ಒಣಗದ ಆಕಾಶ

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ವಯಸ್ಸಿನಲ್ಲಿ ಒಮ್ಮೆ ಬೆಲ್ಲ ಕಟ್ಟಿಕೊಟ್ಟಿದ್ದ ಕಾಗದ ಬಿಚ್ಚಿದರೆ ಅದು ಯಾವುದೋ ಪತ್ರಿಕೆಯ ಮುಖಪುಟ: ಕೆಂಪು ನೆಲ, ಅದರ ಮೇಲೆ ಇಳಿಯುತ್ತಿರುವ ರಾಕೆಟ್ಟು. ಒಳಗಿನ ಕಥೆ ಸಿಗಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಇಂಥದ್ದೊಂದು ಮುಖಪುಟದ ಚಿತ್ರ ನಾನೂ ಬರೆಯಬೇಕು ಅಂದುಕೊಂಡೆ. ಆಮೇಲೆ ಮದುವೆಯಾಯಿತು. ಗಂಡ ಮುಳಬಾಗಿಲಿನಲ್ಲಿ ಬೋರ್ಡ್ ಬರೆಯುವವನು. ಅವನಿಗೆ ಕೈನಡುಕ ಬಂದಾಗ ಬ್ರಷ್ಷು ನಾನು ಹಿಡಿದೆ. ಅಂಗಡಿ, ಟೆಂಪೊ, ಶ್ರೀನಿವಾಸಪುರದ ಮಾವಿನ ಮಂಡಿ, ಯಾವುದನ್ನೂ ಬಿಡಲಿಲ್ಲ.

ಹೋದ ವರ್ಷ ಸೈಕಲ್ ಶಾಪಿನ ಗೋಡೆಗೆ, ಅಂಗಡಿಯವನು ಬೇಡ ಅಂದರೂ, ಒಂದು ರಾಕೆಟ್ ಬರೆದೆ. ಅದನ್ನು ನೋಡಿ, ವಿಜ್ಞಾನ ಕಥೆಗಳ ಮಾಸಪತ್ರಿಕೆ ನಡೆಸುವ ಹುಡುಗಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು. ಮುಖಪುಟ ಬರೆದುಕೊಡಿ ಅಂದಳು. ನನಗಾಗಲೇ ಅರವತ್ತೆಂಟು. ಇನ್ನೊಂದು ಸಲ ಯಾರೂ ಕೇಳುವುದಿಲ್ಲ ಅಂತ ಗೊತ್ತಿತ್ತು.

ಕಾಗದದ ಮೇಲೆ ನನ್ನ ಕೈ ಓಡುವುದಿಲ್ಲ. ತಗಡಿನ ಮೇಲೆ ಆಯಿಲ್ ಪೇಂಟಿನಲ್ಲೇ ಬರೆದೆ. ಟೇಕಲ್ ಬೆಟ್ಟದ ಬಂಡೆಗಳು, ಮೇಲೆ ಎರಡು ಚಂದ್ರ, ಬಂಡೆಗಳ ನಡುವೆ ಬಸ್ಸಿನಷ್ಟು ದೊಡ್ಡ ರೇಷ್ಮೆಹುಳು ತಲೆ ಎತ್ತಿದೆ. ಕೊಡಬೇಕಾದ ದಿನ ಬೆಳಿಗ್ಗೆ ಮೊಮ್ಮಗಳು ತನ್ನ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದಳು. ಕೂಡಲೇ ಪತ್ರಿಕೆಯ ಹುಡುಗಿ ಕರೆ ಮಾಡಿದಳು.

“ಅಜ್ಜಿ, ಸಖತ್ತಾಗಿದೆ. ಆದ್ರೆ ಮೇಲೆ ಪತ್ರಿಕೆ ಹೆಸ್ರು ಯಾಕೆ ಬರೆದ್ರಿ?”

“ಹೆಸ್ರಿಲ್ದೆ ಬೋರ್ಡ್ ಯಾರಮ್ಮ ಬರೀತಾರೆ?”

“ಇದು ಬೋರ್ಡಲ್ಲ ಅಜ್ಜಿ! ಹೆಸ್ರು ನಾವು ಇಲ್ಲಿ ಹಾಕ್ತೀವಿ, ಆ ಜಾಗ ಖಾಲಿ ಬೇಕು. ನಾಲ್ಕು ಗಂಟೆಗೆ ಪ್ರೆಸ್ಸಿಗೆ ಹೋಗುತ್ತೆ. ಅಷ್ಟ್ರಲ್ಲಿ ಸ್ಟುಡಿಯೋದಲ್ಲಿ ತೆಗ್ಸಿದ ಫೋಟೋ ಬರ್ಲಿಲ್ಲ ಅಂದ್ರೆ ಕಂಪ್ಯೂಟರಲ್ಲಿ ಮಾಡಿರೋ ಬೇರೆ ಚಿತ್ರ ಹಾಕ್ಬೇಕಾಗುತ್ತೆ.”

ನೆರಳು ಕೊಟ್ಟು ಬರೆದ ಅಕ್ಷರ, ಎರಡು ದಿನದ ಕೆಲಸ. ಬೈದುಕೊಂಡೇ ಉಪ್ಪುಕಾಗದದಲ್ಲಿ ತಿಕ್ಕಿ, ಆಕಾಶಕ್ಕೆಲ್ಲ ಹೊಸದಾಗಿ ಕಡುನೀಲಿ ಬಳಿದೆ. ಅದು ಒಣಗಲು ಒಂದು ದಿನ ಬೇಕು. ನನಗಿದ್ದದ್ದು ಐದು ಗಂಟೆ. ಮಧ್ಯಾಹ್ನದವರೆಗೂ ಬಿಸಿಲಿಗಿಟ್ಟೆ. ಬೆರಳಿಟ್ಟರೆ ಇನ್ನೂ ಅಂಟುತ್ತಿತ್ತು. ಹಾಗೇ ಎತ್ತಿಕೊಂಡು ನಾನೂ ಮೊಮ್ಮಗಳೂ ಕೋಲಾರದ ಸ್ಟುಡಿಯೋಗೆಂದು ಬಸ್ಸು ಹತ್ತಿದೆವು.

ಸೀಟಿರಲಿಲ್ಲ. ತಗಡಿನ ಎರಡು ಅಂಚು ಹಿಡಿದು ನಿಂತೆ. ಬ್ರೇಕ್ ಬಿದ್ದಾಗಲೆಲ್ಲ ಜನ ನನ್ನ ಕಡೆಗೇ ವಾಲುತ್ತಿದ್ದರು.

“ಏನಮ್ಮಾ ಇದು, ಕನ್ನಡಿನಾ?” ಅಂದ ಕಂಡಕ್ಟರು.

“ಆಕಾಶ. ಹಸಿ ಐತೆ, ದೂರ ನಿಲ್ಲಪ್ಪ.”

ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ಒಂದು ಮಾತೂ ಕೇಳದೆ ನನಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ಕೋಲಾರ ಬರುವವರೆಗೂ ಜನರ ತಳ್ಳಾಟವನ್ನೆಲ್ಲ ತಾನೇ ತಡೆದಳು.

ಸ್ಟುಡಿಯೋ ತಲುಪಿದಾಗ ಮೂರೂ ಕಾಲು. ಫೋಟೋದವನು ತಗಡು ಗೋಡೆಗೆ ಒರಗಿಸಿ ಲೈಟ್ ಹಾಕಿದ. ಹೊಸ ಬಣ್ಣ ಎಷ್ಟು ಹೊಳೆಯಿತೆಂದರೆ ಆಕಾಶದಲ್ಲಿ ಅವನ ಹೊಟ್ಟೆಯೇ ಕಾಣಿಸಿತು. ಲೈಟ್ ಆ ಕಡೆ ಸರಿಸಿದ, ಈ ಕಡೆ ಸರಿಸಿದ.

“ಆಗಲ್ಲಮ್ಮ. ಒಣಗಿಸ್ಕೊಂಡು ನಾಳೆ ಬನ್ನಿ.”

ಗಡಿಯಾರದಲ್ಲಿ ಮೂರೂವರೆ ದಾಟಿತ್ತು. ಗೋಡೆಯ ಕನ್ನಡಿಯ ಕೆಳಗೆ, ಫೋಟೋ ತೆಗೆಸುವವರಿಗೆಂದು ಬಾಚಣಿಗೆ, ಪೌಡರ್ ಡಬ್ಬಿ ಇಟ್ಟಿದ್ದ. ಡಬ್ಬಿ ತೆಗೆದುಕೊಂಡೆ.

“ಅಜ್ಜೀ, ಏನ್ ಮಾಡ್ತಿದೀಯ! ಹಸಿ ಬಣ್ಣಕ್ಕೆ ಅಂಟ್ಕೊಂಡ್ರೆ ಮತ್ತೆ ಬರಲ್ಲ!” ಮೊಮ್ಮಗಳು ನನ್ನ ಕೈ ಹಿಡಿದಳು.

“ಗೊತ್ತು ಕಣೇ, ಬಿಡು. ತಗಡು ಯಾರಿಗ್ ಬೇಕು?”

ಸುಳ್ಳು. ನನಗೆ ಬೇಕಾಗಿತ್ತು, ಮನೆಯ ಗೋಡೆಗೆ ಮೊಳೆ ಕೂಡ ಹೊಡೆದಿಟ್ಟಿದ್ದೆ. ಆದರೂ ಮಗುವಿನ ಮುಖಕ್ಕೆ ತಟ್ಟುವ ಹಾಗೆ ಆಕಾಶದ ತುಂಬ ಪೌಡರ್ ತಟ್ಟಿದೆ. ಹೊಳಪು ಸತ್ತಿತು. ಫೋಟೋದವನು ಕೂಡಲೇ ತೆಗೆದು ಪತ್ರಿಕೆಗೆ ಕಳಿಸಿದ.

ನಾಲ್ಕಕ್ಕೆ ಐದು ನಿಮಿಷವಿತ್ತು, ಕರೆ ಬಂತು.

“ಆಕಾಶ ಸ್ವಲ್ಪ ಬೂದಿ ಥರ ಕಾಣ್ತಿದೆ ಅಜ್ಜಿ. ಮಂಜಾ?”

“ಮಂಜು ಅಂತ್ಲೇ ಇಟ್ಕೋ. ಹಾಕ್ತೀಯೋ ಇಲ್ವೋ, ಅದ್ ಹೇಳು.”

“ಹಾಕ್ತೀವಿ. ಈಗ್ಲೇ ಪ್ರೆಸ್ಸಿಗೆ ಕಳಿಸ್ತಿದೀನಿ.”

ಪೌಡರ್ ಮೆತ್ತಿದ ತಗಡು ನೋಡಿ ಮೊಮ್ಮಗಳು ಅತ್ತಳು. ನನಗೆ ಅಳು ಬರಲಿಲ್ಲ, ಹಸಿವಾಗಿತ್ತು. ಇಬ್ಬರೂ ದೋಸೆ ತಿಂದೆವು. ವಾಪಸ್ ಬಸ್ಸಿನಲ್ಲಿ ಸೀಟು ಸಿಕ್ಕಿತು. ತಗಡನ್ನು ಕಾಲಡಿಗೆ ತಳ್ಳಿ ಮುಳಬಾಗಿಲಿನವರೆಗೂ ನಿದ್ದೆ ಮಾಡಿದೆ.