ಕರೆಂಟಿಲ್ಲದ ಕಂಪ್ಯೂಟರ್ ಪರೀಕ್ಷೆ

"ಚಪ್ಪಲಿ ಆಚೆ ಬುಡ್ರವ್ವಾ, ಧೂಳು ಒಳಕ್ಕೋದ್ರೆ ಮಿಷಿನ್ ಕೆಡ್ತದೆ!" ಅಟೆಂಡರ್ ಗದರಿದ. ಕಂಪ್ಯೂಟರ್ ಡ್ರಾಫ್ಟಿಂಗ್ ಪ್ರಾಕ್ಟಿಕಲ್ ಪರೀಕ್ಷೆಗೆ ನಾವು ಡಿಪ್ಲೊಮಾ ಹುಡುಗಿಯರು ಬರಿಗಾಲಲ್ಲೇ ಒಳಗೆ ಹೋದೆವು. ಎಂಬತ್ತರ ದಶಕದ ಕೊನೆಯ ಮಾತು. ಇಡೀ ಕಾಲೇಜಿಗೆ ಒಂದೇ ಕಂಪ್ಯೂಟರ್. ಆಯುಧಪೂಜೆಯ ಕುಂಕುಮ ಇನ್ನೂ ಅದರ ಹಣೆಯ ಮೇಲಿತ್ತು. ವರ್ಷವಿಡೀ ನಾವು ಕೈಕಟ್ಟಿಕೊಂಡು ಅದರ ದರ್ಶನ ಮಾಡಿದ್ದೆವೇ ಹೊರತು ಮುಟ್ಟಿರಲಿಲ್ಲ.

ಇವತ್ತಾದರೂ ಮುಟ್ಟಬಹುದು ಎಂದುಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕಾದರು, ಕಾಫಿ ಕುಡಿದರು, ಮತ್ತೆ ಕಾದರು. ಅವರ ಮೈಸೂರು ಬಸ್ಸಿನ ಹೊತ್ತಾಗುತ್ತಿತ್ತು.

"ಕರೆಂಟಿದ್ದಿದ್ರೆ ಪರದೆ ಮೇಲೆ ಏನು ಬರ್ತಿತ್ತೋ, ಅದನ್ನೇ ಹಾಳೆ ಮೇಲೆ ಬರೀರಮ್ಮ" ಅಂದರು.

ಟಿ-ಸ್ಕ್ವೇರ್ ಪಟ್ಟಿ ಹಿಡಿದು ನಟ್ಟು ಬೋಲ್ಟಿನ ಚಿತ್ರ ಬರೆದೆ. ಕಂಪ್ಯೂಟರಿನದೇ ಅನ್ನಿಸಲಿ ಎಂದು ಪಕ್ಕದಲ್ಲಿ ಕರ್ಸರನ್ನೂ ಪೆನ್ಸಿಲಿನಲ್ಲಿ ತಿದ್ದಿದೆ. ಅದಕ್ಕೇ ಇರಬೇಕು, ಕ್ಲಾಸಿಗೆಲ್ಲ ನನಗೇ ಹೆಚ್ಚು ಮಾರ್ಕ್ಸು ಬಂತು.

ಆ ಮಾರ್ಕ್ಸು ನೋಡಿಯೇ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಕೆಲಸ ಕೊಟ್ಟರು. ನಮ್ಮೂರು ತಿ. ನರಸೀಪುರದಿಂದ ಬಸ್ಸು ಹತ್ತಿಕೊಂಡು ಹೋದ ಮೊದಲ ದಿನವೇ, ಅವರ ಹೊಸ ಕಂಪ್ಯೂಟರ್ ಕೋಣೆಯ ಮುಂದೆ ಎಲ್ಲರೂ ನನ್ನ ಮುಖ ನೋಡುತ್ತ ನಿಂತರು. ನನಗೆ ಚೆನ್ನಾಗಿ ಬರುತ್ತಿದ್ದ ಕಂಪ್ಯೂಟರ್ ವಿದ್ಯೆ ಒಂದೇ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೆ. "ನೋಡ್ರಯ್ಯಾ, ಕಲಿತೋರು ಅಂದ್ರೆ ಹಿಂಗಿರ್ಬೇಕು" ಎನ್ನುತ್ತ ಮ್ಯಾನೇಜರು ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚತೊಡಗಿದರು.