ಎಡಕ್ಕೆ ತಿರುಗಿದ ಸರಳು

ಹೇಳಿದರೆ ನೀವು ನಂಬುವುದಿಲ್ಲ: ವೆಲ್ಡಿಂಗಿನ ಹೊಗೆ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ಶಹಾಪುರದಲ್ಲಿ ಕಾಕಾನ, ಅಂದರೆ ಅಪ್ಪನ ತಮ್ಮನ, ಮನೆಗೆ ಮುಂದೆ ಶೆಡ್ಡು, ಹಿಂದೆ ಅಡುಗೆಮನೆ. ಕಾದ ಕಬ್ಬಿಣದ ವಾಸನೆಯೂ ಅವನ ಹೆಂಡತಿ ಕಾಕು ಬಡಿಯುವ ಜೋಳದ ರೊಟ್ಟಿಯ ವಾಸನೆಯೂ ನಡುವಿನ ಬಾಗಿಲಲ್ಲಿ ಜಗಳವಾಡಿ, ಕೊನೆಗೆ ಒಂದಾಗಿ ನನ್ನ ಹತ್ತಿರ ಬರುತ್ತಿದ್ದವು. ಆ ರೊಟ್ಟಿಗಳೋ, ಒಂದನ್ನು ಹೊದ್ದು ಮಲಗಬಹುದಿತ್ತು. ಶಾಲೆಗೆಂದು ಅಪ್ಪ ನನ್ನನ್ನು ಕೆಂಭಾವಿಯಿಂದ ತಂದು ಅಲ್ಲಿ ಬಿಟ್ಟಿದ್ದ. ಈಗ ಆ ಜಾಗದಲ್ಲಿ ದೊಡ್ಡ ಬೋರ್ಡಿನ ಮೊಬೈಲ್ ಅಂಗಡಿಯಿದೆ. ಕಾಕಾ, ಕಾಕು ಬಳಿಚಕ್ರದಲ್ಲಿ ಕಾಕುವಿನ ತವರಿನವರ ಜೊತೆಗಿದ್ದಾರೆ. ನೀವು ಬೆಳೆದ ಮನೆಯ ಮೇಲೂ ಯಾರಾದರೂ ಅಷ್ಟು ದೊಡ್ಡ ಬೋರ್ಡು ಹಾಕಿದ್ದರೆ, ಆ ಬೀದಿಯಲ್ಲಿ ನಾನು ತಲೆತಗ್ಗಿಸಿ ಸೈಕಲ್ ತುಳಿಯುವುದೇಕೆಂದು ಅರ್ಧ ತಿಳಿದೀತು. ಇನ್ನರ್ಧ ಒಂದು ಚೆಂಡಿನ ಕಥೆ.

ಕಾಕಾ ಕಿಟಕಿಗೆ ಜಾಳಿಗೆ ಮಾಡುವವನು. ಅದರಲ್ಲಿ ಚಪ್ಪಟೆ ನಕ್ಷತ್ರಗಳನ್ನು ಮಾಡಿ ಮಾಡಿ ಬೇಸತ್ತು, ತಿರುಚಿದ ಸರಳುಗಳನ್ನೇ ಒಂದಕ್ಕೊಂದು ಹೆಣೆದು ಆಳೆತ್ತರದ ಚೆಂಡು ಮಾಡುವ ಹುಚ್ಚು ಹಿಡಿಸಿಕೊಂಡ. ಎಲ್ಲ ಸರಳಿಗೂ ಒಂದೇ ಅಳತೆ, ಒಂದೇ ಕಡೆಗೆ ತಿರುಚು. ಹೇಗೆ ಉರುಳಿಸಿದರೂ ಅದೇ ಹೂವು ಕಾಣಬೇಕು.

"ಹಸಿವಾದ್ರ ಇದನ್ನ ಕಡಕೊಂಡ್ ತಿನ್ನೂಣೇನ್ರಿ?" ಎನ್ನುತ್ತಿದ್ದಳು ಕಾಕು.

"ಹಲ್ಲ್ ಗಟ್ಟಿ ಇದ್ರ ತಿನ್ನ," ಎನ್ನುತ್ತಿದ್ದ ಕಾಕಾ.

ಅಪ್ಪ ಮಾತ್ರ ನಗುತ್ತಿರಲಿಲ್ಲ. ವೆಲ್ಡಿಂಗಿನ ಬೆಳಕು ತಮ್ಮನ ಕಣ್ಣು ತಿನ್ನುತ್ತಿದೆಯೆಂದು ಅವನ ಗುಮಾನಿ. "ಅಣ್ಣಾ, ಈ ಚೆಂಡು ಕೂಡ್ತಂದ್ರ ನನ್ನ ಕಣ್ಣ್ ಛೊಲೊ ಅದಾವ. ಕೂಡ್ಲಿಲ್ಲಂದ್ರ ನೀ ಹೇಳ್ದಂಗ ಶೆಡ್ಡ್ ಮುಚ್ಚತೀನಿ," ಎಂದು ಕಾಕಾ ಅವನಿಗೆ ಮಾತು ಕೊಟ್ಟ.

ಸರಳು ತಿರುಚುವ ಕೆಲಸ ನನ್ನದು. ಒಂದು ತುದಿಯನ್ನು ವೈಸಿನ, ಅಂದರೆ ಮೇಜಿಗೆ ಬಿಗಿದ ಇಕ್ಕಳದ, ಬಾಯಿಗೆ ಕಚ್ಚಿಸಿ, ಇನ್ನೊಂದಕ್ಕೆ ಉದ್ದ ಹಿಡಿಯ ಪಾನಾ ಹಾಕಿ ಮೈಕಡೆಗೆ ಎಳೆಯಬೇಕು. ಒಂದು ಸಂಜೆ ನನ್ನ ಕ್ಲಾಸಿನವರು ಬೀದಿಯಲ್ಲಿ ನಿಂತು ನೋಡತೊಡಗಿದರು. ಅವರಿಗೆ ಕಾಣುತ್ತಿದ್ದುದು ನನ್ನ ಬೆನ್ನು. ಇಂಥ ಮುಖವಿಟ್ಟುಕೊಂಡು ಬೆನ್ನು ತೋರಿಸುವುದೇ? ಸರಳಿನ ಆಚೆ ಬದಿಗೆ ಹೋಗಿ, ಅವರತ್ತ ತಿರುಗಿ, ಆನೆಯ ಬಾಲ ಹಿಡಿದವನಂತೆ ಹೂಂಕರಿಸಿ ಎಳೆದೆ. ಚಪ್ಪಾಳೆ ಬಿತ್ತು. ನಿಂತ ಬದಿ ಬದಲಾದ್ದರಿಂದ, ಬಲಕ್ಕೆ ಬರಬೇಕಿದ್ದ ಸುರುಳಿ ಎಡಕ್ಕೆ ಬಂದಿತ್ತು. ನೋಡಿದೆ. ಇಷ್ಟರ ನಡುವೆ ಇದೊಂದು ಏನು ಮಹಾ ಎಂದು ರಾಶಿಗೆ ಎಸೆದೆ.

ಚೆಂಡು ನೋಡಲು ಅಪ್ಪ ಬರುವ ದಿನ ಕೊನೆಯ ಸರಳು ಕೂಡಲಿಲ್ಲ. ಹೆಬ್ಬೆರಳು ತೂರುವಷ್ಟು ಸಂದು ಉಳಿಯಿತು. ಕಾಕಾ ಚೆಂಡನ್ನು ಉರುಳಿಸುತ್ತ, ಒಂದೊಂದೇ ಸರಳಿನ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ತಡೆದು ನಿಂತ.

"ಇದು ಎಡಕ್ಕ ತಿರುಗೇದ. ನನ್ನ ಕೈಲೇ ವೆಲ್ಡ್ ಮಾಡೀನಿ. ಕಾಣಲೇ ಇಲ್ಲಲ್ಲೋ ನನಗ."

"ಕೊಯ್ದು ಬ್ಯಾರೆ ಹಾಕೂಣು ಕಾಕಾ," ಎಂದೆ.

"ಸರಳ್ ಬದ್ಲಿ ಮಾಡಬಹುದಪಾ. ಕಣ್ಣು?"

ಕಾಕು ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಯಾವುದಕ್ಕೂ ಹತ್ತು ಮಾತು ಜೋಡಿಸುವ ನನ್ನ ಬಾಯಿಂದ "ಕಾಕಾ, ಅದು ನಾ..." ಎಂಬಷ್ಟು ಹೊರಟಿತ್ತು, ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಸಂದನ್ನು ನೋಡಿದ, ತಮ್ಮನ ಮುಖ ನೋಡಿದ. ಬೈಯಲಿಲ್ಲ. "ಸಾಕು ಬಿಡೋ ತಮ್ಮಾ," ಎಂದು ಅವನ ಹಣೆಯ ಮೇಲಿದ್ದ ವೆಲ್ಡಿಂಗಿನ ಕಪ್ಪು ಕನ್ನಡಕಕ್ಕೆ ಕೈಹಾಕಿದ. ತೆಗೆಯಲು ಅಣ್ಣನಿಗೆ ಅನುಕೂಲವಾಗಲೆಂದು ಕಾಕಾ ತಲೆ ಬಗ್ಗಿಸಿದ.