ಬಾಲ ನೋಡಿ ಹೇಳುವವನು

ಬೆಟ್ಟದ ಹಾದಿಯಲ್ಲಿ ವಾಕಿಂಗ್ ಹೋಗುವವರೆಲ್ಲ ಅವನನ್ನು ಬಾಲದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವನು ಮೇಷ್ಟ್ರೇನಲ್ಲ, ಪೇಟೆಬೀದಿಯ ಕನ್ನಡಕದಂಗಡಿಯವನು. ಊರಿನವರ ಕಣ್ಣು ಪರೀಕ್ಷಿಸುತ್ತ ಬಂದವನಿಗೆ ತನ್ನ ಕಣ್ಣಿನ ಮೇಲೆ ಮಾತ್ರ ಎಂದೂ ಅನುಮಾನ ಬಂದಿರಲಿಲ್ಲ.

ಹೊಟ್ಟೆ ಇಳಿಸಿ ಎಂದು ಡಾಕ್ಟರು ಗದರಿದ ಮೇಲೆ ಅವನು ಬೆಟ್ಟ ಹತ್ತಲು ಶುರುಮಾಡಿದ್ದು. ಒಂದು ಬೆಳಿಗ್ಗೆ ಪೊದೆಯಿಂದ ಪೊದೆಗೆ ಏನೋ ಸರ್ರೆಂದು ಹಾಯಿತು. "ಏನ್ ಸಾರ್ ಅದು?" ಎಂದರು ಹಿಂದಿದ್ದ ಬ್ಯಾಂಕಿನ ಮೇಡಂ. ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದವನು ಏನನ್ನೂ ನೋಡಿರಲಿಲ್ಲ. ಆದರೂ ಟೀವಿಯಲ್ಲಿ ಎಂದೋ ಕೇಳಿದ ಪ್ರಾಣಿಯ ಹೆಸರೊಂದು ನೆನಪಾಗಿ, ಗಂಭೀರವಾಗಿ "ಸ್ಟೋಟ್" ಎಂದ. ಮೇಡಂ "ಅಬ್ಬಾ!" ಎಂದರು. ಆ ಅಬ್ಬಾ ನೆತ್ತಿಗೇರಿತು.

ಪುಸ್ತಕ ತಂದು ಬಾಯಿಪಾಠ ಮಾಡಿದ. ಮುಂಗುಸಿಯನ್ನು ಹಿಂಡಿ ಸಣ್ಣಗೆ ಮಾಡಿದಂತಿರುವ ಈ ಪ್ರಾಣಿಗಳಲ್ಲಿ, ಬಾಲದ ತುದಿ ಕಪ್ಪಗಿದ್ದರೆ ಸ್ಟೋಟ್, ಮೋಟು ಬಾಲವಿದ್ದು ತುದಿ ಕಪ್ಪಿಲ್ಲದಿದ್ದರೆ ವೀಸಲ್, ಮುಖಕ್ಕೆ ಮಸಿ ಬಳಿದಂತಿದ್ದರೆ ಪೋಲ್‌ಕ್ಯಾಟ್. ಪುಸ್ತಕದಲ್ಲಿ ತಪ್ಪಿರಲಿಲ್ಲ, ಅದು ವಿಲಾಯತಿಯ ಪ್ರಾಣಿಗಳದು ಅಷ್ಟೇ. ಮೇಲಾಗಿ ನಿಂತು ಬಾಲ ತೋರಿಸುವಷ್ಟು ಪುರುಸೊತ್ತು ನಮ್ಮ ಬೆಟ್ಟದ ಪ್ರಾಣಿಗಳಿಗಿರಲಿಲ್ಲ. ಕಂದು ಗೆರೆಯೊಂದು ಮಿಂಚಿದರೆ ಸಾಕು, ಮಿಕ್ಕ ಬಾಲವನ್ನು ಇವನೇ ಜೋಡಿಸುತ್ತಿದ್ದ. ಜೊತೆಗಾರರು ತಲೆಯಾಡಿಸುತ್ತಿದ್ದರು. ತಲೆಯಾಡಿಸಿದರೆ ಬೇಗ ಮುಂದೆ ಹೋಗಬಹುದಿತ್ತು.

ಒಂದು ಭಾನುವಾರ ತಿರುವಿನ ಕಲ್ಲುರಾಶಿಯ ಮೇಲೆ ಕೆನೆಬಣ್ಣದ ಪ್ರಾಣಿಯೊಂದು ಎದ್ದು ನಿಂತು ಇವರನ್ನೇ ನೋಡಿತು. ಕಣ್ಣಿನ ಸುತ್ತ ಕಪ್ಪು. ಮೇಷ್ಟ್ರು ಎರಡೂ ಕೈ ಚಾಚಿ ಎಲ್ಲರನ್ನೂ ತಡೆದ.

"ಪೋಲ್‌ಕ್ಯಾಟ್! ಈ ಕಡೆ ಇದುವರೆಗೆ ಯಾರೂ ನೋಡಿಲ್ಲ."

ಪ್ರಾಣಿ ಇಳಿದು ಬಂದು ಅವನ ಬೂಟು ಮೂಸಿತು. ಪ್ಯಾಂಟು ಹತ್ತಿ ಜೇಬಿನ ಬಿಸ್ಕತ್ತು ಎಳೆದುಕೊಂಡಿತು.

"ಭಾವ, ಇದು ಯಾರೋ ಸಾಕಿರೋದು ಅನ್ಸುತ್ತೆ," ಎಂದ ಜೊತೆಗೆ ಬಂದಿದ್ದ ಅವನ ಹೆಂಡತಿಯ ತಮ್ಮ.

"ನಿಂಗೇನ್ ಗೊತ್ತು, ಸುಮ್ನಿರು. ಮನುಷ್ಯನ್ನೇ ಕಂಡಿಲ್ಲ ಅದು. ಅದಕ್ಕೇ ಹೆದರಿಕೆ ಇಲ್ಲ."

ಮೊಬೈಲಿನಲ್ಲಿ ತೆಗೆದ ಅದರ ಫೋಟೋ ಕನ್ನಡಕದಂಗಡಿಯ ಗಾಜಿಗೆ ಅಂಟಿತು. ಅಪರೂಪದ ಜೀವಿಗೆ ತೊಂದರೆಯಾಗಬಾರದೆಂದು ನಗರಸಭೆಯವರು ಹಾದಿಗೆ ಬೇಲಿ ಹಾಕಿದರು. ವಾಕಿಂಗ್ ಸಂಘದವರು ಮೇಷ್ಟ್ರಿಗೆ ಸನ್ಮಾನ ಇಟ್ಟುಕೊಂಡರು. ಮೇಷ್ಟ್ರು ಮೈಕು ಹಿಡಿದು ಬಾಲಗಳ ವಿಷಯ ಕೊರೆಯುತ್ತಿದ್ದಾಗ, ಹಿಂದಿನ ಬೀದಿಯ ಬ್ಯೂಟಿ ಪಾರ್ಲರಿನವಳು ಏಪ್ರನ್ನಿನಲ್ಲೇ ಓಡಿಬಂದಳು.

"ಸಾರ್, ಗಾಜಿನ ಮೇಲಿರೋ ಫೋಟೋ ನಮ್ಮ ಪುಟ್ಟಿದು! ಫೆರೆಟ್ ಸಾರ್ ಅದು, ನಾನೇ ಸಾಕಿರೋದು. ಕಿಟಕಿಯಿಂದ ತಪ್ಪಿಸ್ಕೊಂಡಿತ್ತು."

"ನಿಮ್ಮದು ಬೇರೆ ಇರ್ಬೇಕಮ್ಮ," ಎಂದ ಮೇಷ್ಟ್ರು, ಮೈಕಿನಲ್ಲೇ. "ಸಾಕಿದ ಪ್ರಾಣಿ ಹೊರಗಡೆ ಬದುಕಲ್ಲ. ಪಾಪ, ಸತ್ತೋಗಿರತ್ತೆ."

ಅವಳ ಕಣ್ಣು ತುಂಬಿತು. ಸಭೆಗೆ ಮೊದಲ ಸಲ ಅವನ ಮೇಲೆ ಸಿಟ್ಟು ಬಂತು. ಎಲ್ಲರೂ ಅವಳ ಹಿಂದೆ ಬೆಟ್ಟಕ್ಕೆ ನಡೆದರು. ಅವಳು ಬೇಲಿಯ ಈಚೆ ನಿಂತು ತಿಂಡಿಯ ಡಬ್ಬಿ ಅಲ್ಲಾಡಿಸಿದಳು. ಮನುಷ್ಯನನ್ನೇ ಕಂಡಿರದ ಜೀವಿ ಕಲ್ಲಿನ ಸಂದಿಯಿಂದ ಓಡಿಬಂದು ಅವಳ ತೋಳಿನೊಳಗೆ ನುಗ್ಗಿತು.

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅವನು ಗಂಟಲು ಸರಿಮಾಡಿಕೊಂಡ.

"ಫೆರೆಟ್ ಅಂದ್ರೆ ಪೋಲ್‌ಕ್ಯಾಟಿನ ಕಡೆಯದೇ. ವಂಶ ನಾನು ಸರಿಯಾಗೇ ಹೇಳಿದ್ದೆ."

"ನಡೀರಿ ಭಾವ, ಮನೆಗೆ ಹೋಗೋಣ," ಎಂದ ಹೆಂಡತಿಯ ತಮ್ಮ.

ಬೇಲಿ ತೆಗೆಸಲು ನಗರಸಭೆಗೆ ಯಾಕೋ ಮನಸ್ಸೇ ಬರಲಿಲ್ಲ. ಸಂಘದವರು ಈಗ ಬಸ್ ಡಿಪೋದ ಸುತ್ತ ಹೊಗೆ ಕುಡಿಯುತ್ತ ನಡೆಯುತ್ತಾರೆ. ಮೇಷ್ಟ್ರು ಆ ಕಡೆ ಸುಳಿಯುವುದಿಲ್ಲ. ಎದುರು ಸಿಕ್ಕ ಬ್ಯಾಂಕಿನ ಮೇಡಂ ಒಮ್ಮೆ ಬಾಯಿಗೆ ಸೆರಗು ಹಿಡಿದು ನಕ್ಕದ್ದು ಅವನನ್ನು ಬಹಳ ದಿನ ಕೊರೆಯಿತು.

ಕಥೆ ಅಲ್ಲಿಗೇ ನಿಂತಿದ್ದರೆ ಅವನ ಪುಣ್ಯ. ಸನ್ಮಾನದ ದಿನ ಪಾರ್ಲರಿನವಳನ್ನು ಸಮಾಧಾನ ಮಾಡಲು ಹೋದ ಅವನ ಹೆಂಡತಿ ಅವಳಿಗೆ ಗೆಳತಿಯಾದಳು. ಪಾರ್ಲರಿನವಳ ಮನೆ ಮಾಲೀಕ ಪ್ರಾಣಿಯ ವಾಸನೆಗೆ ತಕರಾರು ತೆಗೆದಾಗ, ಹೆಂಡತಿಯೇ ಪುಟ್ಟಿಯನ್ನು ಪಂಜರದ ಸಮೇತ ಕನ್ನಡಕದಂಗಡಿಯ ಹಿಂಬದಿ ಕೋಣೆಗೆ ತಂದಿಟ್ಟಳು.

"ರೀ, ನಿಮ್ಗೆ ಇವುಗಳ ವಿಷಯ ಎಲ್ಲಾ ಗೊತ್ತಲ್ಲ, ನೀವೇ ನೋಡ್ಕೊಳ್ಳಿ," ಎಂದಳು, ಮುಖದಲ್ಲಿ ನಗು ತೋರಿಸದೆ.

ಈಗ ಅಂಗಡಿ ತೆರೆಯುವ ಮೊದಲು ಅವನು ಪಂಜರ ತೊಳೆಯುತ್ತಾನೆ. ಪುಟ್ಟಿ ಫ್ರೇಮುಗಳನ್ನು ಕದ್ದು ಬೀರುವಿನ ಹಿಂದೆ ಗುಡ್ಡೆ ಹಾಕುತ್ತದೆ. ಬಿಡಿಸಲು ಹೋದರೆ ಹೆಬ್ಬೆರಳು ಕಚ್ಚುತ್ತದೆ. ಗಿರಾಕಿಗಳು ಇಣುಕಿ "ಇದ್ಯಾವ ಪ್ರಾಣಿ ಸಾರ್?" ಎಂದು ಕೇಳುತ್ತಾರೆ.

"ನಮ್ಮನೆಯವಳನ್ನ ಕೇಳಿ," ಎನ್ನುತ್ತಾನೆ ಅವನು, ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತ.